ಎಕ್ಸೆಲ್ ನುಂಗಿದ ಕಾಟಾ ಚೀಟಿ ಟರ್ಮಿನಲ್‌ನಾಗ ಸಿಕ್ಕಿದ್ದು: ನನ್ನ ಅನುಭವ

ಗಂಗಾವತಿ ಕಡೆ ಒಂದು ರೈಸ್ ಮಿಲ್ಲಿನ ಕಂಪ್ಯೂಟರ್ ನೋಡ್ಕೊಳ್ತೀನಿ. ಹೋದ ಸೀಜನ್‌ನಾಗ ನಲವತ್ತು ಚಿಲ್ಲರೆ ರೈತರ ಚೀಟಿ ಕಾಟಾ (ಗಾಡಿ ತೂಗೋ ಯಂತ್ರ) ರೆಕಾರ್ಡ್‌ನಾಗ ಇಲ್ಲ ಅಂತ ಗುಮಾಸ್ತರು ಪೇಮೆಂಟ್ ತಡೆದು ಕುಂತಿದ್ರು, ಹೊರಗ ರೈತರು ಜಗಳಕ್ಕೆ ನಿಂತಿದ್ರು. ಕಾಟಾ ಸಾಫ್ಟ್‌ವೇರಿನವರು ಡೇಟಾ ರಿಕವರಿಗೆ 45 ಸಾವಿರ ಕೇಳಿದ್ರಂತೆ. ಟರ್ಮಿನಲ್‌ನಾಗ, ಅಂದ್ರ ಕಮಾಂಡ್ ಟೈಪ್ ಮಾಡೋ ಕರೀ ಸ್ಕ್ರೀನ್‌ನಾಗ, ನಾ ಮಾಡ್ತೀನಿ ಅಂದ್ರ ಸಾವ್ಕಾರ್ರು, "ಆ ಕರೀ ಸ್ಕ್ರೀನ್‌ನಾಗೇನು ಭವಿಷ್ಯ ಹೇಳ್ತಿಯೇನಪ್ಪಾ" ಅಂತ ನಕ್ಕರು.

ಮೊದಲು ಕಾಟಾದ ಫೈಲಿಗೆ ಸಾಲು ಎಣಿಸೋ ಕಮಾಂಡ್ ಡಬ್ಲ್ಯೂಸಿ ಮೈನಸ್ ಎಲ್ ಹೊಡದೆ. 14 ಲಕ್ಷ ಸಾಲು. ಗಾಡಿ ಇರಲಿ ಬಿಡಲಿ ಐದು ಸೆಕೆಂಡಿಗೊಂದು ಸಾಲು ಬರಿಯೋ ಕಾಟಾ ಅದು. ಎಕ್ಸೆಲ್ ತಗಳೋದು 10,48,576 ಸಾಲು ಅಷ್ಟೇ, ಉಳಿದಿದ್ದು ಬರಲ್ಲ ಅಂತ ವಾರ್ನಿಂಗ್ ಕೊಡ್ತೈತಿ, ಗುಮಾಸ್ತರು ಓಕೆ ಒತ್ತಿ ಮುಂದಕ್ಕ ಹೋಗ್ಯಾರ. ಅವರ ಶೀಟ್ ಡಿಸೆಂಬರ್ ಕೊನಿಗೆ ನಿಂತಿತ್ತು, ಕೊನಿ ಸಾಲು ತೋರಿಸೋ ಟೇಲ್ ಹಾಕಿದ್ರ ಫೈಲ್‌ನಾಗ ಜನವರಿ 20ರ ತನಕ ಐತಿ! ತಡೆದ ಚೀಟಿ ಎಲ್ಲಾ ಜನವರಿವೇ.

ಅಲ್ಲಿಗೇ ಗೆದ್ದೆ ಅನ್ಕೊಂಡೆ. ಕಾಲಮ್ ಬಿಡಿಸೋ ಆಕ್‌ನಾಗ ಕಾಮಾ ಕೊಟ್ಟು ಎರಡನೇ ಕಾಲಮ್, ಅಂದ್ರ ಚೀಟಿ ನಂಬರ್ ತಗದು, ಸಾರ್ಟ್ ಮೈನಸ್ ಯು ಮಾಡಿ ಸರದಿಗಿಟ್ಟು, ರೈತರ ಚೀಟಿ ನಂಬರ್ ಲಿಸ್ಟ್ ಜೊತಿ ಒಂದರಾಗಿದ್ದು ಇನ್ನೊಂದರಾಗ ಇಲ್ಲದ್ದನ್ನ ತೋರಿಸೋ ಕಾಮ್ ಮೈನಸ್ ಟು ತ್ರೀ ಹೊಡದ್ರ, ಒಂದೂ ಕಾಟಾದಾಗ ಇಲ್ಲ ಅಂತ ಬಂತು. ಸಾವ್ಕಾರ್ರು ಹಿಂದೇ ನಿಂತಿದ್ರು, ಮುಖ ಎಲ್ಲಿ ಇಟ್ಕೋಬೇಕು ಹೇಳ್ರಿ. ಎರಡು ತಾಸು ಹಾಳಾತು, ಕಡಿಗೆ ಕಣ್ಣಿಗೆ ಕಾಣದ ಅಕ್ಷರ ತೋರಿಸೋ ಕ್ಯಾಟ್ ಮೈನಸ್ ಕ್ಯಾಪಿಟಲ್ ಎ ಹಾಕಿದ್ರ ಲಿಸ್ಟಿನ ಪ್ರತಿ ಸಾಲಿನ ತುದಿಗೆ ಟೋಪಿ ಹಾಕ್ಕೊಂಡ ಎಂ ಕುಂತೈತಿ, ಗುಮಾಸ್ತರು ಆ ಲಿಸ್ಟ್ ವಿಂಡೋಸ್ ನೋಟ್‌ಪ್ಯಾಡ್‌ನಾಗ ಹೊಡದಿದ್ರು, ಅದು ಸಾಲಿನ ತುದಿಗೆ ಹಾಕಿದ ಆ ಗುರುತಿಂದ ನಂಬರ್ ಹೊಂದಿರಲಿಲ್ಲ. ಸೆಡ್‌ನಾಗ ಅದನ್ನ ಕೆರದು, ಮತ್ತೆ ಸಾರ್ಟ್ ಮಾಡಿ ಕಾಮ್ ಹೊಡದೆ. ಖಾಲಿ! ಎಲ್ಲಾ ಚೀಟಿ ಕಾಟಾದಾಗ ಅದಾವ.

ಅದೇ ಹುಮ್ಮಸ್ಸಿನಾಗ ಪೇಮೆಂಟ್ ಶೀಟಿಗೂ ಕೈ ಹಾಕಿ ಡಬಲ್ ಸಾಲು ಹಿಡಿಯೋ ಯುನಿಕ್ ಮೈನಸ್ ಡಿ ಹೊಡದು "ಡಬಲ್ ಪೇಮೆಂಟ್ ಒಂದೂ ಇಲ್ರಿ" ಅಂತ ಜೋರಾಗಿ ಹೇಳಿಬಿಟ್ಟೆ. ಸಾರ್ಟ್ ಮಾಡಿದ್ದೇ ಇಲ್ಲ, ಅದು ಪಕ್ಕಪಕ್ಕದ ಸಾಲಷ್ಟೇ ನೋಡ್ತೈತಿ! ಮಾಡಿ ನೋಡಿದ್ರ ಮೂರು ಚೀಟಿ ಎರಡೆರಡು ಸಲ ಪಾಸಾಗಿದ್ವು, ಸುಮಾರು 180 ಚೀಲ, 75 ಕೆಜಿದು, ದುಡ್ಡಿನ ಲೆಕ್ಕ ನೀವೇ ಹಾಕ್ರಿ. ಗಾಡಿ ನಂಬರ್ ತಪ್ಪು ಹೊಡದಿದ್ದನ್ನ ಹಿಡಿಯಾಕ ಇನ್ನೊಂದು ಸಾಲು ಬರದೀನಿ, ಅದನ್ನ ಮಾತ್ರ ಕೇಳಬ್ಯಾಡ್ರಿ, ಹೊಟ್ಟಿಪಾಡು.

ಅದೇ ಮಷಿನ್ ಡಿಸ್ಕ್ ತುಂಬಿತ್ತು. ಯಾವುದು ಎಷ್ಟು ಜಾಗ ತಿಂದೈತಿ ಅಂತ ಹೇಳೋ ಡಿಯು ಮೈನಸ್ ಎಸ್‌ಎಚ್ ಹಾಕಿ ಸಾರ್ಟ್ ಮೈನಸ್ ಎಚ್ ಮಾಡಿದ್ರ ಕ್ಯಾಮೆರಾ ಲಾಗ್ ಒಂದೇ 30 ಜಿಬಿ ಮ್ಯಾಲೆ. ಆರ್‌ಎಂ ಮಾಡಿ ಅಳಿಸಿದೆ, ಡಿಸ್ಕ್ ಲೆಕ್ಕ ತೋರಿಸೋ ಡಿಎಫ್‌ನಾಗ ಒಂದು ಜಿಬಿನೂ ಕಮ್ಮಿ ಆಗವಲ್ದು! ಅಳಿಸಿದ್ರೂ ತೆರೆದೇ ಇರೋ ಫೈಲ್ ತೋರಿಸೋ ಎಲ್‌ಎಸ್‌ಒಎಫ್ ಪ್ಲಸ್ ಎಲ್ ಒನ್ ಹೊಡದಾಗ ಗೊತ್ತಾತು, ಕ್ಯಾಮೆರಾ ಪ್ರೋಗ್ರಾಮ್ ಇನ್ನೂ ಆ ಫೈಲ್ ಹಿಡ್ಕೊಂಡೇ ಕುಂತೈತಿ, ರೀಸ್ಟಾರ್ಟ್ ಮಾಡಿದ ಮ್ಯಾಲೆ ಜಾಗ ಬಿಡ್ತು. ಈಗ ಆರ್‌ಎಂ ಮಾಡಲ್ಲ, ಫೈಲ್ ಅಳಿಸದೇ ಖಾಲಿ ಮಾಡೋ ಟ್ರಂಕೇಟ್ ಮೈನಸ್ ಎಸ್ ಜೀರೋ ಅಷ್ಟೇ. ಫ್ಯಾನಿನಾಗಿನ ತೌಡಿನ ಧೂಳಿಗೆ ಮಾತ್ರ ಯಾವ ಕಮಾಂಡೂ ಇಲ್ಲ, ಬ್ರಶ್ ಬೇಕು.

ಎಲ್ಲಾ ಸೇರಿಸಿ, ಟರ್ಮಿನಲ್ ಶುರುವಾದಾಗ ಓದೋ ಬ್ಯಾಶ್‌ಆರ್‌ಸಿ ಫೈಲಿನೊಳಗ "ಕಾಟಾ" ಅಂತ ಒಂದು ಏಲಿಯಾಸ್ (ಕಮಾಂಡಿಗೆ ಅಡ್ಡಹೆಸರು) ಮಾಡಿಟ್ಟೀನಿ. 6 ಸಾವಿರ ಕೇಳಿದ್ದೆ, 4 ಸಾವಿರ ಕೊಟ್ಟು ಮ್ಯಾಲೊಂದು ಚೀಲ ಸೋನಾ ಮಸೂರಿ ಗಾಡಿಗೆ ಹಾಕ್ಸಿದ್ರು.