ಗೇಣುದ್ದದ ಹಾಟ್ ರಾಡ್: ಮಳೆಗೆ ಗರಗಸ, ಬಿಸಿಲಿಗೆ ಬಣ್ಣ

ಕಾಸರಗೋಡಿನ ಕಡೆ ಹಾಟ್ ರಾಡ್ ಗಾಡಿಯ ಪ್ಲಾಸ್ಟಿಕ್ ಮಾಡೆಲ್ ಕಟ್ಟಬೇಕೆಂದಿದ್ದರೆ ಮೊದಲು ಕ್ಯಾಲೆಂಡರ್ ನೋಡಿ. ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಗೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹಾಗೆ ನೀವೂ ಸ್ಪ್ರೇ ಡಬ್ಬಿಯನ್ನು ಕಪಾಟಿನೊಳಗೆ ಇಡಬೇಕು. ಮಳೆಗಾಲವಿಡೀ ಕೊಯ್ಯುವುದು, ಅಂಟಿಸುವುದು, ಉಜ್ಜುವುದು. ಬಣ್ಣವೆಲ್ಲ ದೀಪಾವಳಿ ಕಳೆದ ಮೇಲೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಹೊರಗೆ ಹೋಗಿ ಮಾಡುವುದಾದರೂ ಏನಿದೆ, ಅಲ್ವಾ?

ಹಾಟ್ ರಾಡ್ ಅಂದರೆ ಹಳೆಯ ಅಮೆರಿಕನ್ ಗಾಡಿಯ ಭಾರ ಇಳಿಸಿ, ಎಂಜಿನ್ ಜೋರು ಮಾಡಿ, ಮೈ ತಗ್ಗಿಸಿದ ಗಾಡಿ. 1932ರಲ್ಲಿ ಫೋರ್ಡ್ ಕಂಪನಿ ಕಡಿಮೆ ಬೆಲೆಯ ಕಾರಿಗೂ ಎಂಟು ಸಿಲಿಂಡರಿನ ವಿ8 ಎಂಜಿನ್ ಕೂರಿಸಿತು. ಅದರ ಶಕ್ತಿ 65 ಕುದುರೆ. ಕ್ಯಾಲಿಫೋರ್ನಿಯಾದ ಹುಡುಗರು ಇಂಥ ಹಳೆ ಗಾಡಿಗಳ ಮಡ್‌ಗಾರ್ಡ್ ಕಿತ್ತೆಸೆದು ಒಣಗಿದ ಕೆರೆಯಂಗಳದಲ್ಲಿ ಓಡಿಸಿ ನೋಡುತ್ತಿದ್ದರು. ಹೊಸಬರಿಗೆ 1920ರ ದಶಕದ ಕೊನೆ ಅಥವಾ 30ರ ದಶಕದ ಮೊದಲಿನ ಫೋರ್ಡ್ ಪಿಕಪ್ ಕಿಟ್ (ಮಾಡೆಲಿನ ಬಿಡಿಭಾಗಗಳ ಪೆಟ್ಟಿಗೆ) ಒಳ್ಳೆಯದು. ಆ ಕ್ಯಾಬಿನ್ನಿನ ಕಂಬಗಳು ಹೆಚ್ಚುಕಡಿಮೆ ನೆಟ್ಟಗಿರುತ್ತವೆ. ಕೊಯ್ಯಲು ಅದೇ ಸುಲಭ.

ಕಿಟ್ 1/25 ಅಳತೆಯದ್ದಾದರೆ, ಅಂದರೆ ನಿಜವಾದ ಗಾಡಿಯ ಇಪ್ಪತ್ತೈದನೇ ಒಂದು ಪಾಲಾದರೆ, ಲೆಕ್ಕವೂ ಸಲೀಸು. ನಿಜವಾದ ಗಾಡಿಯ ಒಂದು ಇಂಚು ಮಾಡೆಲಿನಲ್ಲಿ ಒಂದು ಮಿಲಿಮೀಟರ್. ಗೋಡೆಗೆ ಬರೆದು ಅಂಟಿಸಿಕೊಳ್ಳಿ. ಮುಂದಿನ ಎಲ್ಲ ಕೆಲಸಕ್ಕೂ ಇದು ಬೇಕು.

ಬಿಡಿಭಾಗಗಳನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ಒಣಗಿಸಿ. ಅಚ್ಚಿನ ಎಣ್ಣೆ ಉಳಿದರೆ ಬಣ್ಣ ಹಿಡಿಯುವುದಿಲ್ಲ. ಆಮೇಲೆ ಅಂಟು ಮುಟ್ಟದೆ, ಬರೀ ಮಾಸ್ಕಿಂಗ್ ಟೇಪಿನಲ್ಲಿ ಚಾಸಿ (ತಳದ ಚೌಕಟ್ಟು), ಚಕ್ರ, ಕ್ಯಾಬಿನ್, ಹಿಂದಿನ ತೊಟ್ಟಿ ಜೋಡಿಸಿ ಮೇಜಿನ ಮೇಲೆ ನಿಲ್ಲಿಸಿ. ಹಾಟ್ ರಾಡಿನ ಅರ್ಧ ಗತ್ತು ಅದರ ನಿಲುವಿನಲ್ಲೇ ಇದೆ. ಹಿಂದೆ ದೊಡ್ಡ ಟಯರ್, ಮುಂದೆ ಸಣ್ಣದು, ಮೂತಿ ತುಸು ಕೆಳಗೆ. ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು ನೋಡಿ. ಮೇಲಿನಿಂದ ನೋಡಿದರೆ ಎಲ್ಲ ಗಾಡಿಯೂ ಒಂದೇ ಥರ ಕಾಣುತ್ತದೆ. ಇನ್ನೂ ತಗ್ಗಬೇಕು ಅನಿಸಿದರೆ ಕ್ಯಾಬಿನ್ನಿನ ನೆಲ ಕತ್ತರಿಸಿ, ಮೈಯನ್ನೇ ಚಾಸಿಯ ಮೇಲೆ ನಾಲ್ಕೈದು ಮಿಲಿಮೀಟರ್ ಇಳಿಸಬಹುದು. ಆಗ ಸೀಟು, ಸ್ಟಿಯರಿಂಗ್ ಎರಡನ್ನೂ ತಗ್ಗಿಸಬೇಕಾಗುತ್ತದೆ. ನನ್ನ ಕೇಳಿದರೆ, ಮೊದಲ ಮಾಡೆಲಿಗೆ ಈ ರಗಳೆ ಬೇಡ.

ಟಾಪ್ ಇಳಿಸುವುದನ್ನು, ಅಂದರೆ ಕಂಬಗಳನ್ನು ಗಿಡ್ಡ ಮಾಡಿ ಕ್ಯಾಬಿನ್ನಿನ ಮಾಡು ತಗ್ಗಿಸುವುದನ್ನು, ಮಾತ್ರ ಬಿಡಬೇಡಿ. ಮೂರಿಂಚು, ಅಂದರೆ 3 ಮಿಲಿಮೀಟರ್ ಸಾಕು. ಮಾಸ್ಕಿಂಗ್ ಟೇಪಿನಿಂದ 3 ಮಿಲಿಮೀಟರ್ ಅಗಲದ ಪಟ್ಟಿ ಕತ್ತರಿಸಿ, ಕಿಟಕಿಯ ಮಟ್ಟದಲ್ಲಿ ಕ್ಯಾಬಿನ್ ಸುತ್ತ ಒಂದೇ ಎತ್ತರಕ್ಕೆ ಅಂಟಿಸಿ. ಪಟ್ಟಿಯ ಮೇಲಂಚಿಗೊಂದು, ಕೆಳ ಅಂಚಿಗೊಂದು ಕೊಯ್ತ. ತೆಳು ಬ್ಲೇಡಿನ ರೇಜರ್ ಗರಗಸ ಬೇಕು. ಹ್ಯಾಕ್ಸಾ ಹಿಡಿದರೆ ಬೇಕಾದ ಪ್ಲಾಸ್ಟಿಕ್ಕೂ ಪುಡಿಯಾಗಿ ಹೋಗುತ್ತದೆ. ಹಿಂಬದಿಯ ಅಗಲ ಗೋಡೆ ಮೊದಲು, ಸಪೂರ ಕಂಬಗಳು ಕೊನೆಗೆ. ಕಂಬ ಮೊದಲೇ ಕೊಯ್ದರೆ ಟಾಪ್ ಅಲ್ಲಾಡಿ ಗೆರೆ ಸೊಟ್ಟಗಾಗುತ್ತದೆ. ಮುಂದಿನ ಕಂಬ ತುಸು ವಾಲಿರುವ ಕಾರಣ ಟಾಪ್ ಇಳಿದಾಗ ಮೇಲಿನ ತುದಿಗೂ ಕೆಳಗಿನ ತುದಿಗೂ ಕೂದಲೆಳೆಯ ವ್ಯತ್ಯಾಸ ಬಂದೇ ಬರುತ್ತದೆ. ಕಂಬವನ್ನು ಮೆಲ್ಲಗೆ ಬಾಗಿಸಿ ಕೂಡಿಸಿ.

ಅಂಟಿಗೆ ನೀರಿನಂತೆ ತೆಳುವಾದ ಪ್ಲಾಸ್ಟಿಕ್ ಸಿಮೆಂಟ್ ಬಳಸಿ. ಬ್ರಷ್ ತುದಿಯಿಂದ ಮುಟ್ಟಿಸಿದರೆ ಸಾಕು, ಸಂದಿಗೆ ತಾನೇ ಹರಿಯುತ್ತದೆ. ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವುದರಿಂದ ಗಟ್ಟಿ ನಿಲ್ಲುತ್ತದೆ. ಸೂಪರ್ ಗ್ಲೂ ಹಾಕಿದ ಕಂಬ ಉಜ್ಜುವಾಗ ಟಕ್ಕನೆ ಬಿಟ್ಟುಕೊಳ್ಳಬಹುದು. ಅದರ ಆವಿ ಕಿಟಕಿ ಗಾಜಿಗೆ ಬಿಳಿ ಮಂಜು ಹಿಡಿಸುವುದೂ ಇದೆ. ಸಂದಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ 400, 600, 1000 ನಂಬರಿನ ವಾಟರ್ ಪೇಪರಿನಲ್ಲಿ ನೀರು ಹಚ್ಚಿ ಉಜ್ಜಿ. ಟಾಪ್ ಇಳಿದ ಕಾರಣ ಕಿಟ್‌ನ ಗಾಜು ಈಗ ಕಿಟಕಿಗಿಂತ ಉದ್ದವಾಗುತ್ತದೆ. ಶರ್ಟಿನ ಪ್ಯಾಕೆಟಿನ ಪಾರದರ್ಶಕ ಹಾಳೆಯಿಂದ ಹೊಸದು ಕತ್ತರಿಸಿ, ಬಣ್ಣವಾದ ಮೇಲೆ ಕೂರಿಸಿ.

ಎಂಜಿನ್ ಮಳೆಗಾಲದ ಸಂಜೆಗಳಿಗೆ ಸರಿಯಾದ ಕೆಲಸ. ಪ್ಲಗ್ ವೈರುಗಳು ಎಂಟು, ದಪ್ಪ 0.3 ಮಿಲಿಮೀಟರ್ ಆಸುಪಾಸು. ಹಾಳಾದ ಇಯರ್‌ಫೋನ್ ಬಿಚ್ಚಿದರೆ ಬಣ್ಣದ ತೆಳು ವೈರ್ ಸಿಗುತ್ತದೆ. ಕ್ರೋಮ್ ಭಾಗ ಅಂಟಿಸುವ ಮೊದಲು ಅಂಟು ತಾಗುವಲ್ಲಿ ಕ್ರೋಮ್ ಕೆರೆಯಿರಿ, ಇಲ್ಲದಿದ್ದರೆ ನಿಲ್ಲುವುದಿಲ್ಲ.

ಇನ್ನು ಬಣ್ಣ. ಲ್ಯಾಕರ್ ಸ್ಪ್ರೇಯ ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅದು ಅಲ್ಲೇ ನೀರಾಗಿ ಕೂತು ಬಣ್ಣ ಬೂದಿ ಬಳಿದಂತೆ ಬಿಳಿಚಿಕೊಳ್ಳುತ್ತದೆ. ಕಡಲ ಬದಿಯ ನಮಗೆ ಜನವರಿಯಲ್ಲೂ ಬೆಳಗಿನ ಹೊತ್ತು ನಂಬಲು ಸಾಲದು. ಹತ್ತೂವರೆ ನಂತರ, ಬಿಸಿಲೇರಿದ ಮೇಲೆ, ನೆರಳಿನಲ್ಲಿ ನಿಂತು ಹೊಡೆಯಿರಿ. ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಹನಿ ಸಣ್ಣದಾಗುತ್ತದೆ. ಒಲೆಯ ಹತ್ತಿರ ಮಾತ್ರ ಒಯ್ಯಬೇಡಿ. ನಿಜವಾದ ಗಾಡಿಗಳಿಗೆ ಹೊಡೆಯುವ ಸ್ಪ್ರೇ ಪ್ಲಾಸ್ಟಿಕ್ಕನ್ನು ತಿನ್ನಬಹುದು. ಮೊದಲು ಕಿಟ್‌ನ ಚೌಕಟ್ಟಿನ ತುಂಡಿನ ಮೇಲೆ ಪರೀಕ್ಷಿಸಿ. ಪ್ರೈಮರ್ ಕಡ್ಡಾಯ. 20-25 ಸೆಂಟಿಮೀಟರ್ ದೂರದಿಂದ, ಮಂಜು ಬಿದ್ದ ಹಾಗೆ ಎರಡು ಪದರ, ನಂತರ ತುಸು ಒದ್ದೆ ಪದರ. ಮೂಗಿಗೆ ಮಾಸ್ಕ್ ಇರಲಿ. ಹತ್ತಿರ ಮೂಸಿದಾಗ ಥಿನ್ನರ್ ವಾಸನೆ ಬಂದರೆ ಇನ್ನೂ ಒಣಗಿಲ್ಲ ಅಂತಲೇ ಅರ್ಥ.

ತುಕ್ಕು ಹಿಡಿದಂತೆ ಕಾಣಿಸುವ ಫ್ಯಾಶನ್ ಕೂಡ ಇದೆ. ನನಗೆ ಅಷ್ಟು ಇಷ್ಟವಿಲ್ಲ. ಉಪ್ಪುಗಾಳಿಗೆ ಮನೆಯ ಗೇಟೇ ತುಕ್ಕು ಹಿಡಿಯುತ್ತಿರುವಾಗ ಮಾಡೆಲಿಗೂ ಬೇಕಾ? ಬೇಕೆಂದವರು ಮುರಕಲ್ಲಿನ (ಕೆಂಪುಕಲ್ಲಿನ) ಹುಡಿಯನ್ನು ಬಟ್ಟೆಯಲ್ಲಿ ಜರಡಿ ಹಿಡಿದು, ಒಣ ಬ್ರಷ್‌ನಿಂದ ಹಚ್ಚಿ, ಮೇಲೆ ಮ್ಯಾಟ್ ವಾರ್ನಿಷ್ ಹೊಡೆಯಿರಿ. ಆ ಕೆಂಪು ಕಬ್ಬಿಣದ ಆಕ್ಸೈಡಿನದ್ದೇ.

ಅಮೆರಿಕದ ಹಳೆ ಪಿಕಪ್‌ಗಳ ಬಾಗಿಲ ಮೇಲೆ ಅಂಗಡಿಯ ಹೆಸರು ಬರೆಸುತ್ತಿದ್ದರು. ನೀವು ಕನ್ನಡದಲ್ಲೇ ಬರೆಯಿರಿ. ನೀರಿನಲ್ಲಿ ನೆನೆಸಿ ಅಂಟಿಸುವ ಡೆಕಾಲ್ ಹಾಳೆಗೆ ಮುದ್ರಿಸುವುದಾದರೆ ನೆನಪಿಡಿ: ಇಂಕ್‌ಜೆಟ್ ಆದರೆ ಮೇಲೆ ಬಣ್ಣವಿಲ್ಲದ ಕ್ಲಿಯರ್ ವಾರ್ನಿಷ್ ಹೊಡೆಯದೆ ನೀರಿಗೆ ಹಾಕಬಾರದು, ಅಕ್ಷರ ಕದಡುತ್ತದೆ. ಸಾಮಾನ್ಯ ಪ್ರಿಂಟರಿನಲ್ಲಿ ಬಿಳಿ ಶಾಯಿ ಇರುವುದಿಲ್ಲ, ಹಾಗಾಗಿ ಬಾಗಿಲಿನ ಬಣ್ಣ ತಿಳಿಯಾಗಿರಲಿ. ನಂಬರ್ ಪ್ಲೇಟಿಗೆ ಕಾಸರಗೋಡಿನ ಕೆಎಲ್ 14 ಹಾಕಿದರೆ ಯಾರೂ ಬೇಡ ಅನ್ನರು, ಸ್ಟಿಯರಿಂಗ್ ಎಡಕ್ಕಿದ್ದರೂ ಸರಿ. ತೊಟ್ಟಿಗೆ ಸುಲಿದ ಅಡಿಕೆ ಹೇರುವ ಆಸೆಯೇ? ಎರಡೂವರೆ ಮೂರು ಸೆಂಟಿಮೀಟರಿನ ಅಡಿಕೆ ಈ ಅಳತೆಯಲ್ಲಿ ಒಂದು ಮಿಲಿಮೀಟರ್ ಚಿಲ್ಲರೆ. ರಾಗಿ ಕಾಳು ಸರಿಯಾಗಿ ಹೊಂದುತ್ತದೆ. ಚಾಲಿಯ (ಒಣಗಿಸಿ ಸುಲಿದ ಅಡಿಕೆಯ) ಬಣ್ಣ ಬರಲು ತೆಳು ಕಂದುಬಿಳುಪು ಬಳಿದು, ನೀರು ಬೆರೆಸಿದ ಫೆವಿಕಾಲ್ ಹನಿಸಿ ಕೂರಿಸಿ. ಇಲ್ಲದಿದ್ದರೆ ಮುಂದಿನ ಮಳೆಗೆ ಹುಳ ಬೀಳುತ್ತದೆ.