ಬೀಜದ ಹಂದಿಯನ್ನು ತಿನ್ನಿಸಿ ಕೆಡಿಸಿದ್ದು ನಾನೇ

ಗಂಡು ಕೊಡಿಸಿದ 21ನೇ ದಿನಕ್ಕೆ ಸರಿಯಾಗಿ ಮೂರು ಹೆಣ್ಣು ಹಂದಿಗಳು ಗಬ್ಬ ನಿಲ್ಲದೆ ಮತ್ತೆ ಬೆದೆಗೆ ಬಂದಾಗ ನಾನು ಬೈದದ್ದು ಹೆಣ್ಣುಗಳನ್ನೇ. ಒಂದನ್ನಂತೂ ಮಾರಿಯೇಬಿಟ್ಟೆ. ಅದು ಹೋದ ಮನೆಯಲ್ಲಿ 10 ಮರಿ ಹಾಕಿತಂತೆ!

ನೋಡಲು ಬಂದ ಪಶುವೈದ್ಯರು ಹೆಣ್ಣುಗಳ ಹತ್ತಿರ ಹೋಗಲೇ ಇಲ್ಲ. ಗಂಡಿನ ಪಕ್ಕೆಗೆ ಅಂಗೈ ಒತ್ತಿ ಎಲುಬು ಹುಡುಕಿದರು, ಸಿಗಲಿಲ್ಲ. "ಒಂದೂವರೆ ತಿಂಗಳ ಹಿಂದೆ ಇದಕ್ಕೇನಾಗಿತ್ತು?" ಎಂದರು. ಆಗ ನೆನಪಾಯಿತು: ಆ ವಾರ ಸೆಕೆ ತಡೆಯಲಾರದೆ ಅದು ನೆಲಕ್ಕೆ ಮೈಚಾಚಿ ಏದುಸಿರು ಬಿಡುತ್ತಿತ್ತು. ಹಂದಿಗೆ ಬೆವರಿ ಮೈ ತಣಿಸಿಕೊಳ್ಳಲು ಬರುವುದಿಲ್ಲ. ವೀರ್ಯಾಣು ಹುಟ್ಟಿ ಬಲಿತು ಹೊರಬರಲು ಆರೇಳು ವಾರ ಬೇಕು. ಸೆಕೆಯದ್ದೋ ಜ್ವರದ್ದೋ ಪೆಟ್ಟು ಇವತ್ತು ಬಿದ್ದರೂ ನಮ್ಮ ಕಣ್ಣಿಗೆ ಬೀಳುವುದು ತಡವಾಗಿ.

ಇನ್ನು ತಿನ್ನಿಸಿದ್ದರ ಕಥೆ. ಮಾಂಸಕ್ಕೆ ಬೆಳೆಸುವ ಹಂದಿಗಳ ಫೀಡನ್ನೇ ಅದಕ್ಕೂ ಬೇಕಾದಷ್ಟು ಸುರಿಯುತ್ತಿದ್ದೆ. ಕೊಬ್ಬಿದ ಗಂಡಿಗೆ ಕಾಲುನೋವು, ಏರಲು ಸೋಮಾರಿತನ. ಈಗ ದಿನಕ್ಕೆ ಎರಡೂವರೆ ಕೆಜಿ, ಎರಡು ಹೊತ್ತಿಗೆ ಹಂಚಿ, ತೂಗಿಯೇ ಹಾಕುತ್ತೇನೆ. ಪ್ರೋಟೀನ್ ಶೇ 15ರ ಆಸುಪಾಸು, ಹೊಟ್ಟೆ ತುಂಬಿದಂತಾಗಲೆಂದು ತೌಡು ತುಸು ಹೆಚ್ಚು. ಸತು, ಸೆಲೆನಿಯಂ, ವಿಟಮಿನ್ ಇ ಇರುವ ಮಿಶ್ರಣ ತಪ್ಪಿಸುವುದಿಲ್ಲ. ಬೂಷ್ಟು ಹಿಡಿದ ಮೆಕ್ಕೆಜೋಳ ಒಂದು ಹಿಡಿಯಿದ್ದರೂ ತಿಪ್ಪೆಗೆ. ಹಾಗಂತ ಉಪವಾಸ ಕೆಡವಿದರೂ ಕೆಟ್ಟಿತು, ಬಡಕಲು ಗಂಡಿಗೆ ಹುಮ್ಮಸ್ಸು ಎಲ್ಲಿಂದ ಬರಬೇಕು? ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಅಂಗೈಗೆ ಸಿಗಬೇಕು. ನನ್ನ ಅಳತೆ ಅಷ್ಟೇ.

ಗೂಡಿಗೆ ನೆರಳು ಕಟ್ಟಿ, ಬಿಸಿಲ ಹೊತ್ತಲ್ಲಿ ನೀರು ಚಿಮುಕಿಸುತ್ತೇನೆ. ಗಂಡು ಕೊಡಿಸುವುದು ಬೆಳಗಿನ ತಂಪಿನಲ್ಲಿ, ತಿಂಡಿ ಆಮೇಲೆ.

ಹೊಸ ಗಂಡನ್ನು ಎಂಟು ತಿಂಗಳು ತುಂಬುವವರೆಗೆ ಬಿಡಲಿಲ್ಲ. ಮೊದಲ ಸಲಕ್ಕೆ ಎರಡು ಸೂಲು ಕಂಡ ಸಾಧು ಹೆಣ್ಣನ್ನೇ ಆರಿಸಿ ಗಂಡಿನ ಗೂಡಿಗೆ ಕಳಿಸಿದೆ. ಕಾಲು ಜಾರದಿರಲೆಂದು ಒಣಹುಲ್ಲು ಹಾಸಿದ್ದೆ, ಒಮ್ಮೆ ಬಿದ್ದ ಗಂಡಿಗೆ ಆ ಹೆದರಿಕೆ ಬೇಗ ಬಿಡುವುದಿಲ್ಲ. ಮಹಾರಾಯ ಎರಡು ಸಲ ತಲೆಯ ಕಡೆಯಿಂದ ಏರಲು ಹೋದ! ಗದರಿಸದೆ ಮೆಲ್ಲಗೆ ತಿರುಗಿಸಿದೆ. ಇಂಥ ಎಳೆ ಗಂಡಿಗೆ ವಾರಕ್ಕೆ ಒಂದೆರಡು ಸಲ ಸಾಕು. ವರ್ಷ ದಾಟಿದ ಮೇಲೆ ಮೂರ್ನಾಲ್ಕು. ಬಹಳ ದಿನ ಸುಮ್ಮನಿದ್ದ ಗಂಡಿನ ಮೊದಲ ಸರದಿಯನ್ನು ಮಾತ್ರ ನಾನು ನಂಬುವುದಿಲ್ಲ.

ಗೂಡಿನ ಬಾಗಿಲಲ್ಲೊಂದು ಕ್ಯಾಲೆಂಡರ್ ನೇತುಹಾಕಿದ್ದೇನೆ. ಗಂಡು ಜ್ವರದಿಂದ ಮಲಗಿದ ದಿನ, ಸೆಕೆಗೆ ಏದುಸಿರು ಬಿಟ್ಟ ದಿನ, ಎಲ್ಲಕ್ಕೂ ಕೆಂಪು ಸುತ್ತು. ಹೆಣ್ಣು ತಿರುಗಿ ಬೆದೆಗೆ ಬಂದರೆ ಈಗ ಮೊದಲು ಅಲ್ಲಿಗೆ ಹೋಗಿ ವಾರ ಎಣಿಸುತ್ತೇನೆ.