ಎರಡು ಯುದ್ಧ ಒಟ್ಟಿಗೆ ನಡೆಯುವಾಗ ಸೈನ್ಯದ ಲೆಕ್ಕ ಕೇಳುವುದು ಹೇಗೆ

ಯುದ್ಧ ಸರಿಯೋ ತಪ್ಪೋ ಅನ್ನುವಲ್ಲಿಂದ ಶುರು ಮಾಡಬೇಡಿ. ಹತ್ತು ನಿಮಿಷದಲ್ಲಿ ಒಬ್ಬ ದೇಶಭಕ್ತ ಆಗುತ್ತಾನೆ, ಇನ್ನೊಬ್ಬ ದೇಶದ್ರೋಹಿ. ಮಾತು ಅಲ್ಲಿಗೇ ನಿಂತುಹೋಗುತ್ತದೆ. ಅದರ ಬದಲು ಒಂದು ಸಾಮಾನು ಹಿಡಿದುಕೊಳ್ಳಿ. ಅದು ಯಾವ ಯುದ್ಧಕ್ಕೆ ಹೋಯಿತು, ಯಾವುದಕ್ಕೆ ಹೋಗಲಿಲ್ಲ ಎಂದು ಕೇಳಿ.

ನಾನು ಮಿಲಿಟರಿಯಲ್ಲಿದ್ದದ್ದು ಆರ್ಮಿ ಸರ್ವಿಸ್ ಕೋರ್‌ನಲ್ಲಿ. ಅಕ್ಕಿ, ಬೇಳೆ, ಸೀಮೆಎಣ್ಣೆ, ಡೀಸೆಲ್ಲು, ಲಾರಿ, ಇಷ್ಟೇ ನನ್ನ ಪ್ರಪಂಚ. ಈಗ ಹೊಸನಗರದ ಹತ್ತಿರ ಅಡಿಕೆ ತೋಟ. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಓದುವ ಅಣ್ಣನ ಮಗನಿಗೆ ಚರ್ಚಾಸ್ಪರ್ಧೆಗೆ ಇದೇ ವಿಷಯ ಬಂತು. "ಚಿಕ್ಕಪ್ಪ, ನಾಲ್ಕು ಪಾಯಿಂಟ್ ಹೇಳಿ" ಅಂದ. ಪಾಯಿಂಟ್ ಬೇಡ, ಕೇಳುವ ಕ್ರಮ ಕಲಿ ಅಂದೆ.

ಅವನಿಗೆ ಮೊದಲು ಮಾಡಿಸಿದ್ದು ತಾರೀಕಿನ ಕೆಲಸ. ಹಾಳೆಯ ನಡುವೆ ಗೆರೆ ಎಳೆದು ಒಂದು ಕಡೆ ಆಫ್ಘಾನಿಸ್ತಾನ, ಇನ್ನೊಂದು ಕಡೆ ಇರಾಕ್. ಅಮೆರಿಕ ಮೊದಲನೆಯದಕ್ಕೆ ಇಳಿದದ್ದು 2001ರ ಅಕ್ಟೋಬರ್ 7ಕ್ಕೆ, ಎರಡನೆಯದಕ್ಕೆ 2003ರ ಮಾರ್ಚ್ 20ಕ್ಕೆ. 2003ರ ಮೇ 1ರಂದು ರಕ್ಷಣಾ ಸಚಿವ ರಮ್ಸ್‌ಫೆಲ್ಡ್ ಕಾಬೂಲಿನಲ್ಲಿ ನಿಂತು ದೊಡ್ಡ ಕಾಳಗ ಮುಗಿಯಿತು ಅಂದರು. ಅದೇ ದಿನ ಅಧ್ಯಕ್ಷ ಬುಷ್ ಯುದ್ಧನೌಕೆಯ ಮೇಲಿಂದ ಇರಾಕಿನ ಬಗ್ಗೆಯೂ ಅದನ್ನೇ ಹೇಳಿದರು. ಆಮೇಲೆ ಇರಾಕಿನಿಂದ ಸೈನ್ಯ ಹೊರಟದ್ದು 2011ರ ಡಿಸೆಂಬರಿನಲ್ಲಿ, ಆಫ್ಘಾನಿಸ್ತಾನದಿಂದ 2021ರ ಆಗಸ್ಟಿನಲ್ಲಿ. ಅಕ್ಕಪಕ್ಕ ಬರೆದರೆ ಸಾಕು, ಅರ್ಧ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ.

ಮುಂದಿನದು ಹಂಚಿಕೆ. ಕೊಯ್ಲಿನ ದಿನ ಮರ ಹತ್ತಿ ಅಡಿಕೆ ಕೊನೆ ಇಳಿಸುವ ಒಬ್ಬನೇ ಕೊನೆಗೌಡನನ್ನು ಎರಡು ತೋಟದವರು ಕರೆದರೆ ಏನಾಗುತ್ತದೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. 2007ರ ಕೊನೆಗೆ ಇರಾಕಿನಲ್ಲಿ ಅಮೆರಿಕದ ಒಂದೂವರೆ ಲಕ್ಷಕ್ಕೂ ಜಾಸ್ತಿ ಸೈನಿಕರಿದ್ದರು, ಆಫ್ಘಾನಿಸ್ತಾನದಲ್ಲಿ ಸುಮಾರು 25 ಸಾವಿರ. ಆ ಡಿಸೆಂಬರಿನಲ್ಲಿ ಅಮೆರಿಕದ ಅತ್ಯುನ್ನತ ಸೇನಾಧಿಕಾರಿ ಅಡ್ಮಿರಲ್ ಮಲೆನ್ ಅಲ್ಲಿನ ಸಂಸತ್ತಿನ ಸಮಿತಿಯ ಮುಂದೆ ನೇರವಾಗಿ ಒಪ್ಪಿಕೊಂಡರು: ಆಫ್ಘಾನಿಸ್ತಾನದಲ್ಲಿ ಆದಷ್ಟು ಮಾಡುತ್ತೇವೆ, ಇರಾಕಿನಲ್ಲಿ ಮಾಡಲೇಬೇಕಾದ್ದನ್ನು ಮಾಡುತ್ತೇವೆ. ಇಂಥ ಮಾತು ಸಿಕ್ಕರೆ ತಾರೀಕು ಸಮೇತ ಬರೆದಿಟ್ಟುಕೊಳ್ಳಿ. ಯಾವುದು ಮುಂದೆ, ಯಾವುದು ಹಿಂದೆ ಅಂತ ಅವರ ಬಾಯಿಂದಲೇ ಬಂದಿದೆ.

ತಲೆ ಎಣಿಸಿ ಸುಮ್ಮನಾಗಬೇಡಿ, ದಾರಿಯನ್ನೂ ನೋಡಿ. (ಸಪ್ಲೈಯವನ ಚಟ ಇದು, ಸಹಿಸಿಕೊಳ್ಳಿ.) ಇರಾಕಿಗಾದರೆ ಕುವೈತ್ ಬಂದರಿನಲ್ಲಿ ಇಳಿಸಿ ಲಾರಿಗೆ ಹಾಕಿದರೆ ಆಯಿತು. ಆಫ್ಘಾನಿಸ್ತಾನಕ್ಕೆ ಸಮುದ್ರವೇ ಇಲ್ಲ. ಕರಾಚಿಯಲ್ಲಿ ಇಳಿಸಿ ಖೈಬರ್ ಕಣಿವೆ ಹತ್ತಿಸಬೇಕು. 2011ರ ನವೆಂಬರಿನಲ್ಲಿ ಪಾಕಿಸ್ತಾನ ಆ ದಾರಿ ಮುಚ್ಚಿದ್ದು, ಮತ್ತೆ ತೆಗೆದದ್ದು ಮುಂದಿನ ಜುಲೈಗೆ. ಅಲ್ಲಿಯವರೆಗೆ ಉತ್ತರದಿಂದ, ಮಧ್ಯ ಏಷ್ಯಾ ಸುತ್ತಿಸಿ ತರಬೇಕಾಯಿತು. ಅಲ್ಲಿಗೆ ಇನ್ನಷ್ಟು ಜನ ಕಳಿಸಿ ಅನ್ನುವವರನ್ನು, ಅವರ ಊಟ ಯಾವ ದಾರಿಯಲ್ಲಿ ಬರುತ್ತದೆ ಅಂತಲೂ ಕೇಳಬೇಕಲ್ವಾ?

ಇನ್ನು ದುಡ್ಡು. ಒಟ್ಟು ಮೊತ್ತ ಕೇಳಿ ಬೆರಗಾಗುವುದರಿಂದ ಏನೂ ಸಿಗದು. ಯಾವುದನ್ನು ಕೊಂಡರು, ಯಾವಾಗ ಕೊಂಡರು ನೋಡಿ. ರಸ್ತೆಬದಿಯ ಬಾಂಬು ತಡೆದುಕೊಳ್ಳುವ ಎಂರಾಪ್ ಗಾಡಿ ತುರ್ತಾಗಿ ಬೇಕು ಎಂದು ಇರಾಕಿನಲ್ಲಿದ್ದ ಮರೀನ್ ಪಡೆ 2005ರಲ್ಲೇ ಬರೆದಿತ್ತು. ಅದಕ್ಕೆ ಮೊದಲ ಆದ್ಯತೆ ಸಿಕ್ಕಿದ್ದು 2007ರಲ್ಲಿ, ಗೇಟ್ಸ್ ರಕ್ಷಣಾ ಸಚಿವರಾದ ಮೇಲೆ. ಆ ಹೊತ್ತಿಗೆ ಎಫ್-22 ಯುದ್ಧವಿಮಾನ ತಯಾರಾಗುತ್ತಲೇ ಇತ್ತು. 2009ರಲ್ಲಿ 187ಕ್ಕೆ ನಿಲ್ಲಿಸಲು ಗೇಟ್ಸ್ ತೀರ್ಮಾನಿಸುವವರೆಗೂ ಅದು ಎರಡು ಯುದ್ಧಗಳಲ್ಲಿ ಒಂದರಲ್ಲೂ ಹಾರಿರಲಿಲ್ಲ.

ಇಲ್ಲಿ ಎದುರಾಳಿಯ ಗಟ್ಟಿ ಉತ್ತರವನ್ನು ನೀವೇ ಬರೆಯಿರಿ. ವಿಮಾನ ತಯಾರಾಗಲು ಹತ್ತಿಪ್ಪತ್ತು ವರ್ಷ ಬೇಕು. ಇವತ್ತಿನ ಯುದ್ಧ ಮುಗಿದ ಮೇಲೆ ಬರುವ ಶತ್ರು ಬೇರೆಯವನು. ಇಂದು ಆರ್ಡರ್ ಮಾಡದಿದ್ದರೆ ಅಂದು ಕೈಯಲ್ಲಿ ಇರುವುದಿಲ್ಲ. ನನ್ನ ಪ್ರಕಾರ ಇದು ಸುಳ್ಳಲ್ಲ. ಆದರೆ ಗಾಡಿಗೆ ಎರಡು ವರ್ಷ ಯಾಕಾಯಿತು ಅನ್ನುವುದಕ್ಕೆ ಇದು ಉತ್ತರವೂ ಅಲ್ಲ.

"ಜವಾನರ ವಿರುದ್ಧ ಮಾತಾಡ್ತೀಯಾ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಇದು ಎಲ್ಲ ಕಡೆಯೂ ಇದ್ದದ್ದೇ. 2001ರ ಸೆಪ್ಟೆಂಬರಿನಲ್ಲಿ ಬಲಪ್ರಯೋಗದ ನಿರ್ಣಯ ಅಮೆರಿಕದ ಕೆಳಮನೆಯಲ್ಲಿ 420ಕ್ಕೆ 1 ಮತದಿಂದ ಪಾಸಾಯಿತು. ಆ ಒಂದು ವಿರೋಧದ ಮತ ಸದಸ್ಯೆ ಬಾರ್ಬರಾ ಲೀ ಅವರದ್ದು. ಅವರಿಗೆ ಕೊಲೆ ಬೆದರಿಕೆ ಬಂತು. ನಮ್ಮಲ್ಲಾದರೆ ಸಿಎಜಿ ವರದಿ ತೋರಿಸಿ. ನಮ್ಮ ಸೈನ್ಯದ ಸುಮಾರು ಶೇ. 40 ಬಗೆಯ ಮದ್ದುಗುಂಡು ಹತ್ತು ದಿನದ ಯುದ್ಧಕ್ಕೂ ಸಾಲದು ಎಂದು 2017ರಲ್ಲಿ ಬರೆದದ್ದು ಸರ್ಕಾರದ್ದೇ ಲೆಕ್ಕಪರಿಶೋಧಕರು. ಗುಂಡು ನಮ್ಮ ಕೆಲಸವಲ್ಲ, ಸೈನ್ಯದ ಆರ್ಡ್ನೆನ್ಸ್ ಕೋರ್‌ನವರದ್ದು. ಆದರೂ ಓದಿ ಹೊಟ್ಟೆ ತೊಳಸಿತು. ಕೇಳಿದ್ದರಿಂದ ಜವಾನನಿಗೆ ನಷ್ಟವಿಲ್ಲ, ಕೇಳದಿದ್ದರೆ ಇದೆ.

ಪಡೆ ಈಗ ಎಲ್ಲಿದೆ, ಯಾವಾಗ ಹೊರಡುತ್ತದೆ ಎಂದು ಮಾತ್ರ ಕೇಳಬೇಡಿ. ಮಾಹಿತಿ ಹಕ್ಕು ಕಾಯ್ದೆಯ 8(1)(ಎ) ಅದನ್ನು ಹೇಗೂ ಕೊಡುವುದಿಲ್ಲ, ಕೊಡಲೂಬಾರದು.

ಈಗಿನ ಯುದ್ಧಗಳ ಮೇಲೆ ಕೈ ಪಳಗಿಸಬೇಕೆಂದರೆ ಬರುವ ಕ್ಷಿಪಣಿ, ವಿಮಾನವನ್ನು ಆಕಾಶದಲ್ಲೇ ಹೊಡೆಯುವ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ಹಿಡಿಯಿರಿ. 2024ರ ಜೂನ್‌ನಲ್ಲಿ, ಬೇರೆ ದೇಶಗಳಿಗೆ ಹೋಗಬೇಕಿದ್ದವನ್ನು ಮೊದಲು ಯುಕ್ರೇನಿಗೆ ಕೊಡುತ್ತೇವೆ ಎಂದು ಅಮೆರಿಕ ಹೇಳಿತು. ಹುಡುಗನಿಗೆ ಅದನ್ನೇ ಕೊಟ್ಟಿದ್ದೇನೆ. ಸಾಲಿನಲ್ಲಿ ಹಿಂದೆ ಸರಿದವರು ಯಾರು, ಅವರಿಗೆ ಏನು ಹೇಳಿದರು, ಕಾರ್ಖಾನೆ ವರ್ಷಕ್ಕೆ ಎಷ್ಟು ತಯಾರಿಸುತ್ತದೆ, ಇಷ್ಟು ಹುಡುಕಿಕೊಂಡು ಭಾನುವಾರ ಬಾ ಅಂದಿದ್ದೇನೆ.